ಚಿಗರಿ ಹಿಂಡಿಗೆ ಗಳಲೆ ರೋಗ: ಮೊದಲ ಸಾವಿನ ಗಳಿಗೆಯಿಂದ ಏನೇನು ಮಾಡಬೇಕು?

ಗಳಲೆ ರೋಗ ಬೆಳಗಾವಿ ಸೀಮೆಯ ರೈತರಿಗೆ ಹೊಸದಲ್ಲ. ಮುಂಗಾರಿನಲ್ಲಿ ಎಮ್ಮೆಯ ಗಂಟಲು ಊದಿ, ಗೊರಗೊರ ಸಪ್ಪಳ ಮಾಡುತ್ತ ಉಸಿರೆಳೆದು, ಬೆಳಗಾಗುವುದರೊಳಗೆ ನೆಲಕ್ಕುರುಳುವುದನ್ನು ಕಂಡವರು ಊರಿಗೊಬ್ಬರಾದರೂ ಸಿಗುತ್ತಾರೆ. ಅದೇ ರೋಗ 2025ರ ನವೆಂಬರ್ ಮಧ್ಯದಲ್ಲಿ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದ ಕೃಷ್ಣಮೃಗಗಳಿಗೆ, ಅಂದರೆ ಚಿಗರಿಗಳಿಗೆ, ತಗುಲಿತು. 38 ಇದ್ದ ಹಿಂಡಿನಲ್ಲಿ 31 ಒಂದೇ ವಾರದೊಳಗೆ ಸತ್ತವು. ಹುಲ್ಲೆ ಜಾತಿಯ ಪ್ರಾಣಿಗಳ ಮೇಲೆ ಈ ರೋಗಾಣು ಎಷ್ಟು ವೇಗವಾಗಿ ಎರಗುತ್ತದೆ ಎಂಬುದಕ್ಕೆ ಇನ್ನೂ ದೊಡ್ಡ ಸಾಕ್ಷಿ ಕಜಾಕಸ್ತಾನದಲ್ಲಿದೆ. ಅಲ್ಲಿ 2015ರ ಮೇ ತಿಂಗಳಲ್ಲಿ ಸುಮಾರು ಮೂರು ವಾರಗಳೊಳಗೆ 2 ಲಕ್ಷಕ್ಕೂ ಹೆಚ್ಚು ಸೈಗಾ ಹುಲ್ಲೆಗಳು ಇದೇ ಪಾಶ್ಚುರೆಲ್ಲಾ ಮಲ್ಟೊಸಿಡಾ ಬ್ಯಾಕ್ಟೀರಿಯಾಕ್ಕೆ ಬಲಿಯಾದವು.

ರೋಗಾಣು ಹೊರಗಿನಿಂದಲೇ ಬರಬೇಕೆಂದಿಲ್ಲ. ಆರೋಗ್ಯವಾಗಿ ಕಾಣುವ ಪ್ರಾಣಿಯ ಗಂಟಲಿನ ಗ್ರಂಥಿಗಳಲ್ಲಿ ಅದು ತಿಂಗಳುಗಟ್ಟಲೆ ಸುಮ್ಮನೆ ಕುಳಿತಿರಬಲ್ಲದು. ಹವೆ ತಟ್ಟನೆ ಬದಲಾದಾಗ, ಸಾಗಣೆಯಾದಾಗ, ಜಾಗ ಇಕ್ಕಟ್ಟಾದಾಗ ಅಥವಾ ಮೇವು ಕೆಟ್ಟಾಗ ಮೈಯ ಶಕ್ತಿ ಕುಗ್ಗಿ ರೋಗ ಎದ್ದು ಕೂರುತ್ತದೆ. ಆಮೇಲೆ ಮೂಗಿನ ಸಿಂಬಳ ಮತ್ತು ಜೊಲ್ಲು ಬಿದ್ದ ಗೋದಲಿ, ನೀರಿನ ತೊಟ್ಟಿಗಳ ಮೂಲಕ ಹಿಂಡಿಗೆಲ್ಲ ಹರಡುತ್ತದೆ. ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ 2ರಿಂದ 5 ದಿನ ಬೇಕು. ಲಕ್ಷಣ ಕಂಡ ಮೇಲೆ ಸಾವಿಗೆ 6ರಿಂದ 48 ಗಂಟೆ ಸಾಕು. ಹಾಗಾಗಿ ಪ್ರಯೋಗಾಲಯದ ವರದಿ ಕೈಗೆ ಬರಲಿ ಎಂದು ಕಾಯುತ್ತ ಕೂತರೆ ಹಿಂಡು ಉಳಿಯುವುದಿಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಈ ಗಂಟೆಗಳ ಲೆಕ್ಕವನ್ನೇ ಹಿಡಿದು ಜೋಡಿಸಿದವು.

ಹಿಂದೆ ಉಳಿದದ್ದನ್ನು ಗುರುತಿಸುವುದು

ಚಿಗರಿ ತನ್ನ ನೋವು ತೋರಿಸುವ ಪ್ರಾಣಿಯಲ್ಲ. ಕಾಡಿನಲ್ಲಿ ಕುಂಟಿದ್ದು ತೋಳನ ಪಾಲು. ಆ ಸ್ವಭಾವ ಮೃಗಾಲಯಕ್ಕೆ ಬಂದ ಮೇಲೂ ಹೋಗುವುದಿಲ್ಲ. ಆದ್ದರಿಂದ ಬೆಳಿಗ್ಗೆ ಮೇವು ಹಾಕುವ ಹೊತ್ತೇ ತಪಾಸಣೆಯ ಹೊತ್ತು. ಪ್ರಾಣಿಪಾಲಕ ಮೇವು ಚೆಲ್ಲಿ ಹೊರಟುಬಿಡದೆ ಹದಿನೈದು ನಿಮಿಷ ದೂರ ನಿಂತು ಎಣಿಸಬೇಕು: ಎಷ್ಟು ಬಂದವು, ಯಾವುದು ತಡವಾಗಿ ಬಂತು, ಯಾವುದು ಕಿವಿ ಜೋತುಬಿಟ್ಟು ಬೇಲಿಯ ಮೂಲೆಯಲ್ಲಿ ನಿಂತಿದೆ, ಯಾವುದು ಕುತ್ತಿಗೆ ಮುಂದಕ್ಕೆ ಚಾಚಿ ಬಾಯಿ ತೆರೆದು ಉಸಿರಾಡುತ್ತಿದೆ, ಯಾವುದರ ಬಾಯಲ್ಲಿ ನೊರೆಯಿದೆ. ಎಮ್ಮೆಯಲ್ಲಿ ಕಾಣುವ ಗಂಟಲ ಬಾವು ಚಿಗರಿಯಲ್ಲಿ ಮೂಡುವ ಮೊದಲೇ ಪ್ರಾಣ ಹೋಗಿರಬಹುದು. ಬಾವಿಲ್ಲ ಎಂಬ ಕಾರಣಕ್ಕೆ ಗಳಲೆ ಅಲ್ಲ ಎನ್ನುವಂತಿಲ್ಲ.

ಮೊದಲ ಸಾವನ್ನು ಹಾವು ಕಚ್ಚಿರಬೇಕು, ನಾಯಿ ಕಂಡು ಹೆದರಿರಬೇಕು, ಹೋರಿಗಳ ಕಾದಾಟದಲ್ಲಿ ಪೆಟ್ಟಾಗಿರಬೇಕು ಎಂದು ತಳ್ಳಿಹಾಕುವುದು ಎಲ್ಲಕ್ಕಿಂತ ದುಬಾರಿ ತಪ್ಪು. 24 ಗಂಟೆಯೊಳಗೆ ಎರಡನೆಯದು ಸತ್ತರೆ ಅದನ್ನು ಸಾಂಕ್ರಾಮಿಕ ಎಂದೇ ಹಿಡಿದು ಕೆಲಸ ಶುರುವಾಗಬೇಕು.

ಕತ್ತರಿ ಹಾಕುವ ಮೊದಲು ಕಿವಿಯ ರಕ್ತ

ಶವವನ್ನು ತೆರೆಯುವ ಆತುರ ಬೇಡ. ಹಠಾತ್ತನೆ ಸಾಯಿಸುವ ಇನ್ನೊಂದು ಕಾಯಿಲೆ ನೆರಡಿ ರೋಗ (ಆಂಥ್ರಾಕ್ಸ್). ಅದರ ಶವವನ್ನು ತೆರೆದರೆ ರೋಗಾಣು ಗಾಳಿ ತಗುಲಿ ಬೀಜಕಣವಾಗಿ ಆ ನೆಲದಲ್ಲಿ ದಶಕಗಟ್ಟಲೆ ಉಳಿಯುತ್ತದೆ, ಕೊಯ್ದ ಮನುಷ್ಯರಿಗೂ ಅಪಾಯ. ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದ್ದರೆ, ಮೈ ಸೆಟೆಯದೆ ಬೇಗ ಉಬ್ಬಿದ್ದರೆ ಶವ ಹಾಗೆಯೇ ಇರಲಿ. ಲಕ್ಷಣ ಏನೇ ಇದ್ದರೂ ಕೈಗವಸು, ಮಾಸ್ಕ್ ಹಾಕಿಕೊಂಡು ಕಿವಿಯ ನರದಿಂದ ಒಂದೆರಡು ಹನಿ ರಕ್ತ ತೆಗೆದು ನಾಲ್ಕು ಗಾಜಿನ ಸ್ಲೈಡುಗಳ ಮೇಲೆ ತೆಳುವಾಗಿ ಸವರಬೇಕು. ಚುಚ್ಚಿದ ಜಾಗಕ್ಕೆ ಸೋಂಕುನಾಶಕದಲ್ಲಿ ಅದ್ದಿದ ಹತ್ತಿ ಒತ್ತಬೇಕು.

ಎರಡು ಸ್ಲೈಡಿಗೆ ಪಾಲಿಕ್ರೋಮ್ ಮಿಥಿಲೀನ್ ಬ್ಲೂ ಹಾಕಿ ನೋಡಿ. ದೊಡ್ಡ ಕೋಲಿನಂಥ ನೀಲಿ ರೋಗಾಣುಗಳ ಸುತ್ತ ಗುಲಾಬಿ ಕವಚ ಕಂಡರೆ ಅದು ನೆರಡಿ. ಉಳಿದ ಎರಡಕ್ಕೆ ಲೀಶ್ಮನ್ ಅಥವಾ ಗೀಮ್ಸಾ ಬಣ್ಣ. ಎರಡೂ ತುದಿ ಗಾಢವಾಗಿ, ನಡುವೆ ತಿಳಿಯಾಗಿ ಬಣ್ಣ ಹೀರಿದ ಪುಟ್ಟ ಮೊಟ್ಟೆಯಾಕಾರದ ಕಣಗಳು ತುಂಬಿದ್ದರೆ ಗಳಲೆಯ ಅನುಮಾನ ಬಲವಾಗುತ್ತದೆ. ಸೂಕ್ಷ್ಮದರ್ಶಕ, ಬಣ್ಣದ ಬಾಟಲಿ, ಸ್ಲೈಡುಗಳು ಮೃಗಾಲಯದಲ್ಲೇ ಇದ್ದರೆ ಇಷ್ಟಕ್ಕೆ ಒಂದು ತಾಸು ಸಾಕು. ಹತ್ತಿರದ ಪಶು ಆಸ್ಪತ್ರೆಗೆ ಒಯ್ದು ತರುವುದಾದರೆ ಅರ್ಧ ದಿನ ಹೋಗುತ್ತದೆ, ಆ ಅರ್ಧ ದಿನ ಈ ರೋಗದಲ್ಲಿ ಬಹಳ ದೊಡ್ಡದು.

ಶವಪರೀಕ್ಷೆ ಮತ್ತು ಮಾದರಿ

ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಅರಣ್ಯಾಧಿಕಾರಿಗಳ ಸಮ್ಮುಖ, ಫೋಟೊ, ಪಂಚನಾಮೆ ಎಲ್ಲವೂ ಆಗಲೇಬೇಕು. ಆದರೆ ಅದಕ್ಕಾಗಿ ಶವವನ್ನು ಬಿಸಿಲಲ್ಲಿ ಇಟ್ಟು ಕಾಯಬಾರದು, ನೆರಳಲ್ಲಿ ಐಸ್ ಸುತ್ತಿ ಇಡಬೇಕು.

ಗಳಲೆಯ ಶವ ತೆರೆದಾಗ ಗಂಟಲು, ಕುತ್ತಿಗೆಯ ಚರ್ಮದಡಿ ಒಣಹುಲ್ಲಿನ ಬಣ್ಣದ ಲೋಳೆಯಂಥ ನೀರು ಸಿಗುತ್ತದೆ. ಹೃದಯದ ಮೇಲೆ ಸೂಜಿಮೊನೆಯಂಥ ರಕ್ತದ ಚುಕ್ಕೆಗಳು, ಕೆಂಪೇರಿ ಭಾರವಾದ ಶ್ವಾಸಕೋಶ, ಹೃದಯದ ಚೀಲದಲ್ಲಿ ನೀರು. ನೆರಡಿಯಲ್ಲಿ ಆಗುವಂತೆ ಗುಲ್ಮ ಊದಿ ಮೆತ್ತಗಾಗಿರುವುದಿಲ್ಲ.

ಹೃದಯದ ರಕ್ತ, ಶ್ವಾಸಕೋಶ, ಗುಲ್ಮ, ಯಕೃತ್ತಿನ ತುಂಡುಗಳನ್ನು ಬೇರೆ ಬೇರೆ ಶುದ್ಧ ಡಬ್ಬಿಗಳಲ್ಲಿ ಹಾಕಿ ಐಸ್ ಪೆಟ್ಟಿಗೆಯಲ್ಲಿಡಿ. ತಂಪಾಗಿರಬೇಕು, ಗಡ್ಡೆಕಟ್ಟಬಾರದು. ಅಂಗಾಂಶ ಪರೀಕ್ಷೆಗೆಂದು 1 ಸೆಂ.ಮೀ. ದಪ್ಪಕ್ಕಿಂತ ಹೆಚ್ಚಿಲ್ಲದ ತುಂಡುಗಳನ್ನು ಅವುಗಳ ಹತ್ತು ಪಟ್ಟು ಫಾರ್ಮಲಿನ್ ದ್ರಾವಣದಲ್ಲಿ ಇಡಿ. ರೋಗಾಣು ಬೆಳೆಸಬೇಕಾದ ತುಂಡನ್ನು ಫಾರ್ಮಲಿನ್‌ಗೆ ಹಾಕಿದರೆ ಅಲ್ಲೇ ಸತ್ತುಹೋಗುತ್ತದೆ. ಗಡಿಬಿಡಿಯಲ್ಲಿ ಇದು ಪದೇ ಪದೇ ಆಗುವ ತಪ್ಪು, ಡಬ್ಬಿಯ ಮೇಲೆ ಮೊದಲೇ ಚೀಟಿ ಅಂಟಿಸಿಟ್ಟರೆ ತಪ್ಪುತ್ತದೆ. ವಿಷದ ಅನುಮಾನ ಕಳೆಯಲು ಹೊಟ್ಟೆಯ ಮೇವು, ಮೂತ್ರಪಿಂಡ, ಯಕೃತ್ತು ಫಾರ್ಮಲಿನ್ ಇಲ್ಲದೆ ಬೇರೆಯೇ ಹೋಗಬೇಕು. ಶವ ಸಿಕ್ಕಾಗ ಆಗಲೇ ಕೊಳೆತಿದ್ದರೆ ಕೈಚೆಲ್ಲಬೇಡಿ. ಉದ್ದನೆಯ ಎಲುಬೊಂದನ್ನು ಮಾಂಸ ಬಿಡಿಸಿ ಒಡೆಯದೆ ಕಳಿಸಿದರೆ, ಮಜ್ಜೆಯಲ್ಲಿ ಈ ರೋಗಾಣು ಬೇರೆಡೆಗಿಂತ ಹೆಚ್ಚು ಹೊತ್ತು ಉಳಿದಿರುತ್ತದೆ. ಮಾದರಿ ಬೆಂಗಳೂರಿನ ಹೆಬ್ಬಾಳದ ಪ್ರಯೋಗಾಲಯದವರೆಗೆ ಸುಮಾರು 500 ಕಿ.ಮೀ. ಹೋಗಬೇಕಾದೀತು. ರಾತ್ರಿ ಬಸ್ಸಿನ ಪಾರ್ಸೆಲ್ಲಿಗೆ ಹಾಕುವುದಲ್ಲ, ಐಸ್ ಬದಲಿಸುತ್ತ ಕೈಯಲ್ಲೇ ಒಯ್ಯುವ ಮನುಷ್ಯ ಬೇಕು.

ಔಷಧ: ಲೆಕ್ಕ ಮತ್ತು ಅಡ್ಡಿ

ಮಾದರಿ ಹೊರಟ ಗಳಿಗೆಯಲ್ಲೇ, ವರದಿಗೆ ಕಾಯದೆ, ಮೃಗಾಲಯದ ವೈದ್ಯರ ಕೈಯಲ್ಲಿ ಚಿಕಿತ್ಸೆ ಶುರುವಾಗಬೇಕು. ಪಾಶ್ಚುರೆಲ್ಲಾಕ್ಕೆ ಆಕ್ಸಿಟೆಟ್ರಾಸೈಕ್ಲಿನ್, ಎನ್ರೋಫ್ಲಾಕ್ಸಾಸಿನ್, ಸೆಫ್ಟಿಯೋಫರ್, ಸಲ್ಫಾ ಔಷಧಗಳು ಕೆಲಸ ಮಾಡುತ್ತವೆ, ಆದರೆ ಜ್ವರದ ಹಂತದಲ್ಲಿ ಮಾತ್ರ. ಮಲಗಿ ಉಸಿರಿಗೆ ತೇಕುವ ಪ್ರಾಣಿ ಉಳಿಯುವುದು ಅಪರೂಪ. ಔಷಧ ಮುಖ್ಯವಾಗಿ ಬೇಕಾದದ್ದು ಇನ್ನೂ ನಿಂತಿರುವವುಗಳಿಗೆ.

ಇಲ್ಲಿ ಎಮ್ಮೆಗೂ ಚಿಗರಿಗೂ ಇರುವ ದೊಡ್ಡ ವ್ಯತ್ಯಾಸ ಎದುರಾಗುತ್ತದೆ. ಎಮ್ಮೆಯನ್ನು ಗೂಟಕ್ಕೆ ಕಟ್ಟಿ ದಿನಾ ಚುಚ್ಚಬಹುದು. ಚಿಗರಿಯನ್ನು ಬೆನ್ನಟ್ಟಿ ಹಿಡಿದರೆ ಅದರ ಸ್ನಾಯುಗಳೇ ಹರಿದು ಬೆಂದಂತಾಗಿ, ಮೈ ಬಿಸಿಯೇರಿ, ಮೂತ್ರ ಕಂದುಬಣ್ಣಕ್ಕೆ ತಿರುಗಿ, ಕೆಲವೇ ತಾಸಿನಲ್ಲಿ ಅಥವಾ ಎರಡು ಮೂರು ದಿನದಲ್ಲಿ ಸಾಯುತ್ತದೆ. ಆ ಸಾವನ್ನು ರೋಗದ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಹೀಗಾಗಿ ಒಂದೇ ಸಲಕ್ಕೆ ಕೆಲವು ದಿನ ಕೆಲಸ ಮಾಡುವ ದೀರ್ಘಾವಧಿ ಆಕ್ಸಿಟೆಟ್ರಾಸೈಕ್ಲಿನ್ ಅನ್ನು ಡಾರ್ಟ್ (ದೂರದಿಂದ ಹೊಡೆಯುವ ಔಷಧದ ಸೂಜಿ) ಮೂಲಕ ಕೊಡುವುದು ಹೆಚ್ಚು ಸರಿ. ಪ್ರಮಾಣ ಕೆ.ಜಿ. ತೂಕಕ್ಕೆ 20 ಮಿ.ಗ್ರಾಂ. 30 ಕೆ.ಜಿ.ಯ ಹೆಣ್ಣಿಗೆ 600 ಮಿ.ಗ್ರಾಂ., ಅಂದರೆ ಮಿ.ಲೀ.ಗೆ 200 ಮಿ.ಗ್ರಾಂ. ಇರುವ ಔಷಧವಾದರೆ 3 ಮಿ.ಲೀ. ಒಂದು ಸಾಧಾರಣ ಡಾರ್ಟ್ ಅಷ್ಟಕ್ಕೆ ತುಂಬಿತು. 40 ಕೆ.ಜಿ.ಯ ಹೋರಿಗೆ 4 ಮಿ.ಲೀ. ಬೇಕು, ಅದಕ್ಕೆ 5 ಮಿ.ಲೀ. ಡಾರ್ಟ್ ಇಟ್ಟುಕೊಂಡಿರಬೇಕು. ಎನ್ರೋಫ್ಲಾಕ್ಸಾಸಿನ್ ಕೆ.ಜಿ.ಗೆ 5 ಮಿ.ಗ್ರಾಂ. ಲೆಕ್ಕದಲ್ಲಿ 30 ಕೆ.ಜಿ.ಯ ಹೆಣ್ಣಿಗೆ ಶೇ 10ರ ದ್ರಾವಣ 1.5 ಮಿ.ಲೀ. ಸಾಕು, ಆದರೆ ದಿನಾ ಕೊಡಬೇಕು. ದಿನಾ ಡಾರ್ಟ್ ಹೊಡೆದರೆ ಹಿಂಡು ಬೇಲಿಗೆ ಬಡಿದುಕೊಂಡೇ ಸಾಯುತ್ತದೆ.

ಚಿಗರಿಯ ತೊಡೆ ತೆಳು. ಒತ್ತಡ ಕಡಿಮೆ ಇರಲಿ, ಸೂಜಿ ಗಿಡ್ಡದಿರಲಿ. ಬೆಳಿಗ್ಗೆ 8ರೊಳಗೆ ಅಥವಾ ಸಂಜೆ 5ರ ನಂತರ, ತಂಪು ಹೊತ್ತಿನಲ್ಲಿ. ಹಿಡಿಯಲೇಬೇಕಾಗಿ ಬಂದರೆ ಮೊದಲು ಕಣ್ಣಿಗೆ ಕಪ್ಪು ಬಟ್ಟೆ, ಮಾತಿಲ್ಲ, ಎದೆಯ ಮೇಲೆ ಕೂರಿಸಿ ಕುತ್ತಿಗೆ ಎತ್ತರಕ್ಕೆ, ಮೂತಿ ಕೆಳಮುಖವಾಗಿ; ಇಲ್ಲದಿದ್ದರೆ ಹೊಟ್ಟೆಯ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಹತ್ತು ನಿಮಿಷದೊಳಗೆ ಬಿಡಬೇಕು. ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ರೋಗದ ಜ್ವರವೋ ಓಟದ ಬಿಸಿಯೋ ಎಂದು ಯೋಚಿಸುತ್ತ ನಿಲ್ಲದೆ ತಣ್ಣೀರು ಸುರಿಯಬೇಕು. ಜ್ವರ, ಉರಿಯೂತಕ್ಕೆ ಮೆಲಾಕ್ಸಿಕಾಮ್ ಬಳಸಬಹುದು. ಡೈಕ್ಲೋಫಿನಾಕ್ ಬೇಡವೇ ಬೇಡ. ರಣಹದ್ದುಗಳನ್ನು ಕೊಂದ ಆ ಔಷಧಕ್ಕೆ ಪಶುಚಿಕಿತ್ಸೆಯಲ್ಲಿ 2006ರಿಂದ ನಿಷೇಧವಿದೆ.

ನೀರಿಗೆ, ತಿನ್ನಿಸುವ ಹಿಂಡಿಗೆ ಔಷಧ ಬೆರೆಸುವುದು ಸುಲಭವಾಗಿ ಕಾಣುತ್ತದೆ. ಆದರೆ ಜ್ವರ ಬಂದದ್ದು ಮೇಯುವುದೂ ಇಲ್ಲ, ಕುಡಿಯುವುದೂ ಇಲ್ಲ. ಹಸಿ ಮೇವು ತಿಂದವು ತೊಟ್ಟಿಗೆ ಬರುವುದೇ ಕಡಿಮೆ. ದೊಡ್ಡ ಹೋರಿ ಗೋದಲಿ ಕಾದು ನಿಂತು ತನ್ನ ಪಾಲಿಗಿಂತ ಹೆಚ್ಚು ತಿನ್ನುತ್ತದೆ, ಮರಿಗಳಿಗೆ ಏನೂ ಸಿಗದು. ಬೇರೆ ದಾರಿ ಇಲ್ಲದಾಗ ಪ್ರಾಣಿಗಳ ಸಂಖ್ಯೆಗಿಂತ ಒಂದೆರಡು ಹೆಚ್ಚು ಬುಟ್ಟಿಗಳನ್ನು ದೂರದೂರ ಇಟ್ಟು ಕೊಡಿ. ಇದನ್ನು ಚುಚ್ಚುಮದ್ದಿಗೆ ಬದಲಿ ಎಂದು ತಿಳಿಯಬಾರದು.

ಆವರಣ, ಬೂಟು, ಮೇವು

ರೋಗ ಕಂಡ ಆವರಣದ ಕೆಲಸಕ್ಕೆ ಒಬ್ಬನೇ ಪಾಲಕ, ಅವನು ಕಡವೆ, ಚುಕ್ಕೆ ಜಿಂಕೆಗಳ ಕಡೆ ಹೋಗಕೂಡದು. ಸುತ್ತಲ ಹಳ್ಳಿಗಳಿಂದ ಬರುವ ಪಾಲಕರ ಮನೆಯಲ್ಲಿ ಎಮ್ಮೆ, ಆಡು ಇರುವುದು ಸಹಜ. ಅವರ ಬೂಟು, ಬಟ್ಟೆ ಮೃಗಾಲಯದಲ್ಲೇ ಉಳಿಯಲಿ, ಸ್ನಾನಕ್ಕೆ ಬಿಸಿನೀರಿನ ವ್ಯವಸ್ಥೆ ಇರಲಿ. ಉಳಿದ ಮೇವು ಹಾಳಾಗುತ್ತದೆಂದು ಪಕ್ಕದ ಆವರಣಕ್ಕೆ ಸಾಗಿಸಬೇಡಿ, ಸುಡಿ. ಕಣಿಕಿ, ಹಸಿ ಮೇವು ತರುವ ಟ್ರ್ಯಾಕ್ಟರ್ ಗೇಟಿನಲ್ಲೇ ಇಳಿಸಿ ಹಿಂದಿರುಗಲಿ.

ಸಗಣಿ, ಕೆಸರು ಇದ್ದ ಕಡೆ ಬ್ಲೀಚಿಂಗ್ ಪೌಡರ್ ಸುರಿದರೆ ಅದರ ಶಕ್ತಿ ಕೊಳೆಯಲ್ಲೇ ಮುಗಿಯುತ್ತದೆ. ಮೊದಲು ಕೆರೆದು ತೆಗೆಯಿರಿ, ಆಮೇಲೆ ಸಿಂಪಡಿಸಿ. ಶೇ 30ರಷ್ಟು ಕ್ಲೋರಿನ್ ಇರುವ ತಾಜಾ ಪುಡಿಯಾದರೆ 10 ಲೀಟರ್ ನೀರಿಗೆ ಸುಮಾರು 330 ಗ್ರಾಂ ಹಾಕಿದಾಗ ಶೇ 1ರ ದ್ರಾವಣ. ತೇವ ತಗುಲಿ ಗಟ್ಟಿಯಾದ ಪುಡಿ ಕೆಲಸಕ್ಕೆ ಬಾರದು. ಬಿಸಿಲು ಮತ್ತು ಒಣ ನೆಲವೇ ಈ ರೋಗಾಣುವಿನ ನಿಜವಾದ ಶತ್ರು. ಒದ್ದೆ ಮಣ್ಣಿನಲ್ಲಿ ಬದುಕಿ ಉಳಿಯುವ ಅದು ಒಣಗಿದರೆ ಬೇಗ ಸಾಯುತ್ತದೆ. ನೀರು ನಿಲ್ಲುವ ತಗ್ಗುಗಳಿಗೆ ಗರಸು ತುಂಬಿಸುವುದು ಯಾವ ಸೋಂಕುನಾಶಕಕ್ಕೂ ಕಡಿಮೆಯಲ್ಲ.

ಶವಗಳನ್ನು ಕೊಂಬು, ಚರ್ಮ ಸಮೇತ ಅಧಿಕಾರಿಗಳ ಎದುರು ಸುಡಬೇಕು. ನೆರಡಿ ಎಂದಾದರೆ ತೆರೆಯದೆ ಸುಡಬೇಕು, ಇಲ್ಲವೇ 6 ಅಡಿಗೂ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಬೇಕು.

ಲಸಿಕೆ ಯಾವಾಗ?

ರೋಗ ಹಬ್ಬಿದಾಗ ಲಸಿಕೆ ಹಾಕಿ ಹಿಂಡು ಉಳಿಸಲಾಗದು, ರಕ್ಷಣೆ ಮೂಡಲು ವಾರಗಳು ಬೇಕು. ಪಟಿಕ ಬೆರೆಸಿದ ಲಸಿಕೆ ಜಾನುವಾರಿನಲ್ಲಿ ನಾಲ್ಕರಿಂದ ಆರು ತಿಂಗಳು, ಎಣ್ಣೆ ಬೆರೆಸಿದ್ದು ಒಂಬತ್ತರಿಂದ ಹನ್ನೆರಡು ತಿಂಗಳು ಕಾಯುತ್ತದೆ. ಸುತ್ತಲಿನ ಹಳ್ಳಿಗಳ ದನ, ಎಮ್ಮೆಗಳಿಗೆ ಮಳೆಗಾಲಕ್ಕೆ ಮೊದಲೇ ಲಸಿಕೆ ಆಗಿದ್ದರೆ ಮೃಗಾಲಯದ ಬೇಲಿಯ ಹೊರಗೇ ಒಂದು ಗೋಡೆ ಎದ್ದಂತೆ. ಚಿಗರಿಗಳಿಗೇ ಹಾಕುವುದಾದರೆ ಹಿಡಿಯುವ ಅಪಾಯವನ್ನೂ ತೂಗಿ ವೈದ್ಯರು ನಿರ್ಧರಿಸಬೇಕು. ಬೇರೆ ಕಾರಣಕ್ಕೆ ಅರಿವಳಿಕೆ ಕೊಟ್ಟಾಗ ಅದೇ ಹೊತ್ತಿನಲ್ಲಿ ಲಸಿಕೆ ಹಾಕುವುದು ಜಾಣತನ.

ಉಳಿದ ಪ್ರಾಣಿಗಳನ್ನು ಒಂದೇ ಆವರಣದಲ್ಲಿ ಮತ್ತೆ ಕೂಡಿಹಾಕಬೇಡಿ. ನೀರು, ಗೋದಲಿ, ಪಾಲಕ ಬೇರೆ ಬೇರೆ ಇರುವ ಎರಡು ಜಾಗಗಳಲ್ಲಿ ಹಂಚಿ ಇಟ್ಟರೆ ಒಂದು ಕಡೆ ರೋಗ ಎದ್ದರೂ ತಳಿ ಉಳಿಯುತ್ತದೆ. ಹೊರಗಿನಿಂದ ಹೊಸ ಚಿಗರಿ ತಂದರೆ ಕನಿಷ್ಠ 30 ದಿನ ಪ್ರತ್ಯೇಕವಾಗಿಡಿ. ಮತ್ತೆ ಒಂದು ಪೆಟ್ಟಿಗೆ ಸಿದ್ಧವಿರಲಿ: ಸ್ಲೈಡುಗಳು, ಎರಡೂ ಬಣ್ಣ, ಫಾರ್ಮಲಿನ್, ಚೀಟಿ ಅಂಟಿಸಿದ ಡಬ್ಬಿಗಳು, ಐಸ್ ಜೆಲ್, ಇಡೀ ಹಿಂಡಿಗೆ ಎರಡು ಸುತ್ತಿಗಾಗುವಷ್ಟು ಆಕ್ಸಿಟೆಟ್ರಾಸೈಕ್ಲಿನ್, 3 ಮತ್ತು 5 ಮಿ.ಲೀ. ಡಾರ್ಟ್‌ಗಳು. ಪ್ರತಿ ತಿಂಗಳ ಒಂದನೇ ತಾರೀಖು ಪೆಟ್ಟಿಗೆ ತೆರೆದು ಔಷಧದ ಅವಧಿ ನೋಡಿ, ನೋಡಿದವರು ಒಳಗಿನ ಪುಸ್ತಕದಲ್ಲಿ ಸಹಿ ಹಾಕಲಿ.