ಜಾಬ್ ಯಾರ ಹೆಸರಲ್ಲಿ ಓಡುತ್ತದೆ?

ತಿಂಗಳ ಕೊನೆಯ ದಿನ, ಬೆಳಿಗ್ಗೆ ಆರೂವರೆ. ರಾತ್ರಿ ಪಾಳಿಯ ಹುಡುಗ ಫೋನ್ ಮಾಡಿದ. "ಸರ್, ಬಿಲ್ಲಿಂಗ್ ಜಾಬ್ ಫೇಲ್ ಆಗಿದೆ. ಬ್ಯಾಕಪ್ ಕಾಪಿ ಮಾಡೋ ಜಾಬೂ ಫೇಲ್. ನಾನೇನೂ ಮುಟ್ಟಿಲ್ಲ ಸರ್."

ಜಾಬ್ ಎಂದರೆ ನಮ್ಮ ಡೇಟಾಬೇಸ್ ಸರ್ವರ್ ಆದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸ. ಅದನ್ನು ಓಡಿಸುವ ಭಾಗದ ಹೆಸರು ಏಜೆಂಟ್. ಲಾಗ್ ತೆಗೆದು ನೋಡಿದೆ. ಜಾಬ್‌ನ ಮಾಲೀಕರಿಗೆ ಸರ್ವರ್‌ಗೆ ಪ್ರವೇಶ ಇದೆಯೋ ಇಲ್ಲವೋ ತಿಳಿಯುತ್ತಿಲ್ಲ ಎಂದು ಬರೆದಿತ್ತು. ಹಿಂದಿನ ದಿನವಷ್ಟೇ ನಮ್ಮ ತಂಡದ ಒಬ್ಬರು ಕೆಲಸ ಬಿಟ್ಟಿದ್ದರು. ಸಂಜೆ ಅವರ ವಿಂಡೋಸ್ ಖಾತೆಯನ್ನು ತೆಗೆದುಹಾಕಿದ್ದರು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಜಾಬ್ ಮಾಡಿದವರೇ ಅದರ ಮಾಲೀಕರಾಗಿ ಉಳಿಯುತ್ತಾರೆ, ಯಾರಾದರೂ ಬದಲಾಯಿಸುವ ತನಕ. ನಾವು ಯಾರೂ ಬದಲಾಯಿಸಿರಲಿಲ್ಲ.

ಆವತ್ತು ನಾನು ಮಾಡಿದ್ದು, ಹೆಚ್ಚಿನವರು ಮಾಡುವುದನ್ನೇ. ಎಲ್ಲಾ ಜಾಬ್‌ಗಳನ್ನೂ ಸರ್ವರ್‌ನ ಸರ್ವಾಧಿಕಾರದ ಲಾಗಿನ್ ಆದ 'ಎಸ್‌ಎ' ಹೆಸರಿಗೆ ಬರೆದೆ. ಎಲ್ಲವೂ ಓಡಿದವು, ಬಿಲ್ ಹೊರಟವು. ಎಸ್‌ಎ ಲಾಗಿನ್ ಅನ್ನು ನಿಷ್ಕ್ರಿಯ ಮಾಡಿಟ್ಟಿದ್ದರೂ ಅದರ ಹೆಸರಿನ ಜಾಬ್‌ಗಳು ಓಡುತ್ತವೆ. ಹಾಗಾಗಿ ಇದೇ ಸುರಕ್ಷಿತ ದಾರಿ ಎಂದುಕೊಂಡು ಕೆಲವು ತಿಂಗಳು ನೆಮ್ಮದಿಯಾಗಿದ್ದೆ.

ಆಮೇಲೊಂದು ದಿನ ಡೆವಲಪರ್ ಒಬ್ಬರು ಬಿಲ್ಲಿಂಗ್ ಪ್ರೊಸೀಜರ್‌ನಲ್ಲಿ (ಡೇಟಾಬೇಸ್‌ನೊಳಗೇ ಇಡುವ ಕೋಡ್) ಏನೋ ತಿದ್ದುತ್ತಿದ್ದರು. ಪಕ್ಕದಲ್ಲಿ ಕೂತು ನೋಡುತ್ತಿದ್ದಾಗ ತಟ್ಟನೆ ಹೊಳೆಯಿತು. ಈ ಪ್ರೊಸೀಜರ್ ಅನ್ನು ರಾತ್ರಿ ಎರಡಕ್ಕೆ ಓಡಿಸುವುದು ಎಸ್‌ಎ ಹೆಸರಿನ ಜಾಬ್. ಮಾಲೀಕರು ಸಿಸ್‌ಅಡ್ಮಿನ್ (ಸರ್ವರ್‌ನಲ್ಲಿ ಏನು ಬೇಕಾದರೂ ಮಾಡಬಲ್ಲ ಪಾತ್ರ, ಎಸ್‌ಎಗೂ ಇದೆ) ಆಗಿದ್ದರೆ ಟಿ-ಎಸ್‌ಕ್ಯೂಎಲ್ ಸ್ಟೆಪ್, ಅಂದರೆ ಡೇಟಾಬೇಸ್ ಕೋಡ್ ಓಡಿಸುವ ಜಾಬ್‌ನ ಹಂತ, ಓಡುವುದು ಏಜೆಂಟ್ ಸರ್ವಿಸ್ ಖಾತೆಯ ಬಲದಲ್ಲಿ. ಆ ಖಾತೆಯೂ ಸಿಸ್‌ಅಡ್ಮಿನ್ನೇ. ಅಂದರೆ ಈ ಪ್ರೊಸೀಜರ್ ತಿದ್ದಬಲ್ಲವರು ಯಾರೇ ಆಗಲಿ, ಇಡೀ ಸರ್ವರ್‌ನ ಬೀಗದ ಕೈ ಅವರ ಹತ್ತಿರವೇ ಇದ್ದಂತೆ, ಅಲ್ವಾ?

ಟೆಸ್ಟ್ ಸರ್ವರ್‌ನಲ್ಲಿ ಪರೀಕ್ಷೆ ಮಾಡಿದೆ. ಡೆವಲಪರ್‌ಗಳಿಗೆ ಇರುವಷ್ಟೇ ಅನುಮತಿಯ ಒಂದು ಖಾತೆ ಮಾಡಿದೆ. ಆ ಖಾತೆಯಿಂದ ಪ್ರೊಸೀಜರ್‌ನಲ್ಲಿ ಒಂದೇ ಒಂದು ಸಾಲು ಸೇರಿಸಿದೆ: ಈ ಖಾತೆಯನ್ನು ಸಿಸ್‌ಅಡ್ಮಿನ್ ಗುಂಪಿಗೆ ಹಾಕು ಎಂದು. ಬೆಳಿಗ್ಗೆ ಬಂದು ನೋಡಿದರೆ ಆ ಖಾತೆ ಸಿಸ್‌ಅಡ್ಮಿನ್ ಆಗಿತ್ತು. ಜಾಬ್ ಹಿಸ್ಟರಿಯಲ್ಲಿ ಹಸಿರು ಟಿಕ್. ಯಾವ ಎರರ್ ಕೂಡ ಇಲ್ಲ. ಸುಮ್ನೆ ಕೂತು ಅದನ್ನೇ ನೋಡುತ್ತಿದ್ದೆ. ನಮ್ಮ ಡೆವಲಪರ್‌ಗಳ ಮೇಲೆ ನನಗೆ ಅನುಮಾನ ಇರಲಿಲ್ಲ, ಈಗಲೂ ಇಲ್ಲ. ಆದರೆ ಅವರಲ್ಲಿ ಒಬ್ಬರ ಪಾಸ್‌ವರ್ಡ್ ಸೋರಿದರೂ ಸಾಕಿತ್ತು.

ಅಲ್ಲಿಂದ ಕೆಲಸ ಹೊಸದಾಗಿ ಶುರುವಾಯಿತು. ಏಜೆಂಟ್ ತನ್ನ ಜಾಬ್‌ಗಳ ವಿವರ ಇಡುವ ಎಂಎಸ್‌ಡಿಬಿ ಡೇಟಾಬೇಸ್‌ನಿಂದ ಪ್ರತಿ ಜಾಬ್, ಅದರ ಮಾಲೀಕರು, ಅದರ ಸ್ಟೆಪ್‌ಗಳನ್ನು ಎಕ್ಸೆಲ್‌ಗೆ ತಂದೆ. ಪಕ್ಕದಲ್ಲಿ ನಾನೇ ಒಂದು ಕಾಲಂ ಸೇರಿಸಿದೆ: ಈ ಸ್ಟೆಪ್ ಕರೆಯುವ ಕೋಡ್ ಅಥವಾ ಫೈಲನ್ನು ಯಾರು ಯಾರು ಬದಲಾಯಿಸಬಲ್ಲರು? ಜಾಸ್ತಿ ಸಮಯ ಹಿಡಿದದ್ದು ಇದೇ. ಒಂದು ಪವರ್‌ಶೆಲ್ ಸ್ಕ್ರಿಪ್ಟ್ ಇದ್ದ ಫೋಲ್ಡರ್‌ಗೆ ಇಡೀ ಆಫೀಸಿಗೆ ಬರೆಯುವ ಅನುಮತಿ ಇತ್ತು. ಪ್ರೊಸೀಜರ್‌ಗೆ ಎಷ್ಟೇ ಕಾವಲು ಹಾಕಿದರೂ ಆ ಫೋಲ್ಡರ್ ತೆರೆದೇ ಇದ್ದರೆ ಪ್ರಯೋಜನವಿಲ್ಲ.

ಬಿಲ್ಲಿಂಗ್‌ಗೆ ಬೇರೆ, ದಾಸ್ತಾನಿಗೆ ಬೇರೆ, ಹೀಗೆ ಒಂದೊಂದು ಅಪ್ಲಿಕೇಶನ್‌ಗೂ ಒಂದು ಲಾಗಿನ್ ಮಾಡಿದೆ. ಮನುಷ್ಯರು ಯಾರೂ ಬಳಸದ ಲಾಗಿನ್‌ಗಳು ಇವು. ತನ್ನ ಪ್ರೊಸೀಜರ್‌ಗಳನ್ನು ಓಡಿಸುವ ಅನುಮತಿ ಬಿಟ್ಟು ಬೇರೇನೂ ಕೊಡಲಿಲ್ಲ. ಆ ಜಾಬ್‌ಗಳ ಮಾಲೀಕತ್ವವನ್ನು ಆಯಾ ಲಾಗಿನ್‌ಗೆ ವರ್ಗಾಯಿಸಿದೆ. ಮಾಲೀಕರು ಸಿಸ್‌ಅಡ್ಮಿನ್ ಅಲ್ಲದಿದ್ದರೆ ಏಜೆಂಟ್ ಆ ಲಾಗಿನ್‌ನ ವೇಷ ಹಾಕಿಕೊಂಡೇ ಟಿ-ಎಸ್‌ಕ್ಯೂಎಲ್ ಸ್ಟೆಪ್ ಓಡಿಸುತ್ತದೆ. ಟೆಸ್ಟ್ ಸರ್ವರ್‌ನಲ್ಲಿ ಅದೇ ಸಾಲು ಸೇರಿಸಿ ಮತ್ತೆ ಓಡಿಸಿದೆ. ಅನುಮತಿ ಇಲ್ಲ ಎಂದು ಜಾಬ್ ನಿಂತಿತು. ಜಾಬ್ ಫೇಲ್ ಆದದ್ದಕ್ಕೆ ಅಷ್ಟು ಖುಷಿಯಾಗಿದ್ದು ಅದೊಂದೇ ಸಲ.

ದಾಸ್ತಾನಿನ ಜಾಬ್ ಮಾತ್ರ ಕಾಡಿಸಿತು. ಅದು ಲಿಂಕ್ಡ್ ಸರ್ವರ್ ಮೂಲಕ ಇನ್ನೊಂದು ಸರ್ವರ್‌ಗೆ ಹೋಗುತ್ತದೆ. ವೇಷ ಹಾಕಿದ ಲಾಗಿನ್ ಅನ್ನು ಆಚೆ ಸರ್ವರ್‌ಗೆ ಕಳಿಸಲು ನಮ್ಮ ಸರ್ವರ್ ಒಪ್ಪಲಿಲ್ಲ. ವೇಷ ಹಾಕಿದ ಲಾಗಿನ್‌ಗೆ ಜೋಡಣೆ ಇಲ್ಲದೆ ಲಿಂಕ್ಡ್ ಸರ್ವರ್ ಬಳಸಲಾಗದು ಎಂಬ ಎರರ್ ಬಂತು. ಬೇಸತ್ತು ಮತ್ತೆ ಎಸ್‌ಎಗೇ ಬರೆದುಬಿಡೋಣ ಅನಿಸುವುದು ಇಲ್ಲೇ. ಬರೆಯಬೇಡಿ. ಲಿಂಕ್ಡ್ ಸರ್ವರ್‌ನ ಸೆಟ್ಟಿಂಗ್‌ನಲ್ಲಿ ಈ ಲಾಗಿನ್‌ಗೆ ಆಚೆ ಕಡೆ ಯಾವ ಲಾಗಿನ್ ಎಂದು ನೇರವಾಗಿ ಜೋಡಿಸಿದೆ. ಆ ಕಡೆಯ ಲಾಗಿನ್‌ಗೆ ಬೇಕಾದ ಟೇಬಲ್‌ಗಳನ್ನು ಓದುವ ಅನುಮತಿ ಮಾತ್ರ. ಜಾಬ್ ಓಡಿತು.

ಫೈಲ್ ಕಾಪಿ, ಪವರ್‌ಶೆಲ್, ಎಸ್‌ಎಸ್‌ಐಎಸ್ (ಡೇಟಾ ಸಾಗಿಸುವ ಪ್ಯಾಕೇಜ್) ಸ್ಟೆಪ್‌ಗಳಿಗೆ ಪ್ರಾಕ್ಸಿ, ಅಂದರೆ ಏಜೆಂಟ್ ಖಾತೆಯ ಬದಲು ಆ ಸ್ಟೆಪ್ ಓಡಿಸುವ ಬೇರೆ ವಿಂಡೋಸ್ ಗುರುತು, ಬೇಕು. ಟಿ-ಎಸ್‌ಕ್ಯೂಎಲ್ ಸ್ಟೆಪ್‌ಗೆ ಪ್ರಾಕ್ಸಿ ಅನ್ವಯಿಸುವುದಿಲ್ಲ, ಇದನ್ನು ತುಂಬಾ ಜನ ಕಲಸಿಕೊಳ್ಳುತ್ತಾರೆ. ಒಂದು ಸಣ್ಣ ವಿಂಡೋಸ್ ಖಾತೆ ಮಾಡಿಸಿ, ಅದರ ಹೆಸರು, ಪಾಸ್‌ವರ್ಡ್‌ಗಳನ್ನು ಕ್ರೆಡೆನ್ಶಿಯಲ್ ಆಗಿ ಇಟ್ಟು, ಅದರ ಮೇಲೆ ಪ್ರಾಕ್ಸಿ ಮಾಡಿದೆ. ಯಾವ ಬಗೆಯ ಸ್ಟೆಪ್‌ಗೆ, ಯಾವ ಲಾಗಿನ್‌ಗೆ ಈ ಪ್ರಾಕ್ಸಿ ಎಂದೂ ಹೇಳಬೇಕು. ಆ ವಿಂಡೋಸ್ ಖಾತೆಗೆ ಬ್ಯಾಚ್ ಜಾಬ್ ಆಗಿ ಲಾಗಾನ್ ಆಗುವ ಹಕ್ಕು ಆ ಸರ್ವರ್‌ನಲ್ಲಿ ಇರಬೇಕು. ಬ್ಯಾಕಪ್ ಹೋಗುವ ಜಾಗದಲ್ಲಿ ಶೇರ್ ಅನುಮತಿ, ಫೋಲ್ಡರ್ ಅನುಮತಿ ಎರಡನ್ನೂ ನೋಡಿ. ಒಂದು ಇದ್ದು ಇನ್ನೊಂದು ಇಲ್ಲದೆ ನಾನು ಅರ್ಧ ದಿನ ಕಳೆದುಕೊಂಡೆ. ಇನ್ನೊಂದು ಮಾತು: ಡೊಮೇನ್‌ನಲ್ಲಿ ಪಾಸ್‌ವರ್ಡ್ ಬದಲಾದರೆ ಕ್ರೆಡೆನ್ಶಿಯಲ್‌ನಲ್ಲಿ ತಾನಾಗಿ ಬದಲಾಗುವುದಿಲ್ಲ. ಅದನ್ನು ಕ್ಯಾಲೆಂಡರ್‌ನಲ್ಲಿ ಹಾಕಿಟ್ಟಿದ್ದೇನೆ.

ಏಜೆಂಟ್ ಸರ್ವಿಸ್‌ನ ಖಾತೆಯೂ ಸರ್ವರ್‌ನ ಅಡ್ಮಿನಿಸ್ಟ್ರೇಟರ್ ಗುಂಪಿನಲ್ಲಿತ್ತು. ಅಲ್ಲಿಂದ ತೆಗೆದು, ಪಾಸ್‌ವರ್ಡನ್ನು ವಿಂಡೋಸೇ ನೋಡಿಕೊಳ್ಳುವ ಜಿಎಂಎಸ್‌ಎ ಖಾತೆಗೆ ಬದಲಾಯಿಸಿದೆವು. ಎಸ್‌ಕ್ಯೂಎಲ್ ಸರ್ವರ್ 2014ರಿಂದ ಇದು ಸಾಧ್ಯ. ಬದಲಾವಣೆಯನ್ನು ಕಾನ್ಫಿಗರೇಷನ್ ಮ್ಯಾನೇಜರ್‌ನಿಂದಲೇ ಮಾಡಿ, ವಿಂಡೋಸ್‌ನ ಸರ್ವಿಸಸ್ ಪರದೆಯಿಂದ ಬೇಡ. ಬೇಕಾದ ಹಕ್ಕುಗಳನ್ನೂ ಅದೇ ಜೋಡಿಸಿಕೊಡುತ್ತದೆ.

ಇಂಡೆಕ್ಸ್ (ಡೇಟಾ ಬೇಗ ಹುಡುಕಲು ಇಡುವ ಸೂಚಿ) ಮತ್ತೆ ಕಟ್ಟುವ ಜಾಬ್ ಮಾತ್ರ ಎಸ್‌ಎ ಹೆಸರಲ್ಲೇ ಉಳಿದಿದೆ, ಅದು ಎಲ್ಲಾ ಡೇಟಾಬೇಸ್‌ಗಳನ್ನೂ ಮುಟ್ಟಬೇಕು. ಅಲ್ಲೂ ಒಂದು ಕಿಂಡಿ ಇದೆ. ಡೇಟಾಬೇಸ್‌ನಲ್ಲಿ ಯಾರಾದರೂ ಡಿಡಿಎಲ್ ಟ್ರಿಗರ್ (ಡೇಟಾಬೇಸ್‌ನ ರಚನೆ ಮುಟ್ಟಿದಾಗ ತಾನಾಗಿ ಓಡುವ ಕೋಡ್) ಇಟ್ಟರೆ, ಇಂಡೆಕ್ಸ್ ಕಟ್ಟುವಾಗ ಅದು ಸಿಸ್‌ಅಡ್ಮಿನ್ ಬಲದಲ್ಲೇ ಓಡುತ್ತದೆ. ಹಾಗಾಗಿ ಪ್ರೊಡಕ್ಷನ್‌ನಲ್ಲಿ ಡೆವಲಪರ್‌ಗಳಿಗಿದ್ದ, ಅಂಥ ಟ್ರಿಗರ್ ಇಡಲು ಬಿಡುವ ಡಿಬಿ-ಓನರ್, ಡಿಡಿಎಲ್-ಅಡ್ಮಿನ್ ಪಾತ್ರಗಳನ್ನು ವಾಪಸ್ ಪಡೆದೆ. ಸ್ವಲ್ಪ ಮುನಿಸಾಯಿತು. ಟೆಸ್ಟ್ ಸರ್ವರ್‌ನ ಆ ಹಸಿರು ಟಿಕ್ ತೋರಿಸಿದ ಮೇಲೆ ಯಾರೂ ವಾದ ಮಾಡಲಿಲ್ಲ.

ರಾತ್ರಿ ಪಾಳಿಯ ಹುಡುಗನಿಗೂ ಹಿಂದೆ ಯಾರೋ ಸಿಸ್‌ಅಡ್ಮಿನ್ ಕೊಟ್ಟಿದ್ದರು, ಜಾಬ್ ಮತ್ತೆ ಓಡಿಸಲು ಬೇಕಲ್ಲ ಎಂದು. ಅದನ್ನು ತೆಗೆದು ಎಂಎಸ್‌ಡಿಬಿಯಲ್ಲಿರುವ ಏಜೆಂಟ್ ಆಪರೇಟರ್ ಪಾತ್ರ ಕೊಟ್ಟೆ. ಎಲ್ಲಾ ಜಾಬ್ ನೋಡಬಹುದು, ಶುರು ಮಾಡಬಹುದು, ನಿಲ್ಲಿಸಬಹುದು. ಬೇರೆಯವರ ಜಾಬ್‌ನ ಸ್ಟೆಪ್ ತಿದ್ದಲು ಆಗುವುದಿಲ್ಲ. ಕೆಲಸ ಕಿತ್ತುಕೊಂಡರು ಎಂದುಕೊಳ್ಳುತ್ತಾನೇನೋ ಎಂಬ ಅಳುಕಿತ್ತು. ಅವನು ಹೇಳಿದ್ದು ಬೇರೆ: "ಒಳ್ಳೇದಾಯ್ತು ಸರ್. ಇನ್ಮೇಲೆ ಏನಾದ್ರೂ ಆದ್ರೆ ನಾನು ಮುಟ್ಟಿಲ್ಲ ಅಂತ ಹೇಳ್ಬೇಕಾಗಿಲ್ಲ."