ಔಷಧಿ ನಡೆಯುವಾಗ ಕುದುರೆಯ ಲಿವರ್‌ಗೆ ಮೂಲಿಕೆ: ಹೇಗೆ ಕೊಡಬೇಕು?

ಕಾಲು ಊದಿದ ಕುದುರೆಗೆ ನೋವಿನ ಔಷಧಿ ಶುರುವಾಗಿದೆ. ಇನ್ನೂ ಎರಡು ವಾರ ಕೊಡಬೇಕು. ಅಷ್ಟರಲ್ಲಿ ಯಾರೋ ಬಂದು, ‘ಲಿವರ್ ಕೆಟ್ಟುಹೋಗುತ್ತೆ, ಈ ಮೂಲಿಕೆ ಪುಡಿ ಹಾಕಿ’ ಅಂತ ಡಬ್ಬಿ ಕೈಗಿಡುತ್ತಾರೆ. ಹಾಕಬಹುದಾ? ಹಾಕಬಹುದು. ಆದರೆ ಡಬ್ಬಿ ತೆರೆಯುವ ಮುಂಚೆ ಮೂರ್ನಾಲ್ಕು ಕೆಲಸ ಇದೆ. ಅವನ್ನು ಬಿಟ್ಟು ಸುಮ್ನೆ ಪುಡಿ ಸುರಿದರೆ ಉಪಯೋಗ ಕಮ್ಮಿ.

ಔಷಧಿ ಯಾವುದಕ್ಕೆ ಭಾರ ಅಂತ ತಿಳಿದುಕೊಳ್ಳಿ

ಎಲ್ಲ ಔಷಧಿಯೂ ಲಿವರ್ ಕೆಡಿಸುವುದಿಲ್ಲ. ಕುದುರೆಗಳಿಗೆ ನೋವಿಗೆಂದು ಹೆಚ್ಚಾಗಿ ಕೊಡುವ ಫಿನೈಲ್‌ಬ್ಯುಟಾಝೋನ್ ಅನ್ನೇ ನೋಡಿ. ಅದನ್ನು ಕರಗಿಸುವ ಕೆಲಸ ಲಿವರ್‌ನದು, ನಿಜ. ಆದರೆ ಅದು ಜಾಸ್ತಿಯಾದಾಗ ಮೊದಲು ಪೆಟ್ಟು ತಿನ್ನುವುದು ಹೊಟ್ಟೆ, ದೊಡ್ಡಕರುಳು ಮತ್ತು ಕಿಡ್ನಿ. ಅಂಥ ಕುದುರೆಗೆ ಬೇಕಾದ್ದು ಸರಿಯಾದ ಪ್ರಮಾಣ ಮತ್ತು ಬೇಕಾದಷ್ಟು ನೀರು. ಇನ್ಸುಲಿನ್ ತೊಂದರೆಗೆ ಕೊಡುವ ಎರ್ಟುಗ್ಲಿಫ್ಲೋಜಿನ್‌ನಂಥ ಔಷಧಿಗಳ ಕಥೆ ಬೇರೆ. ಅವುಗಳಿಂದ ಕೆಲವು ಕುದುರೆಗಳ ರಕ್ತದಲ್ಲಿ ಕೊಬ್ಬು ಏರುತ್ತದೆ, ಲಿವರ್ ಪರೀಕ್ಷೆಯ ಅಂಕಿಗಳೂ ಏರುತ್ತವೆ.

ಕುದುರೆಯ ರಕ್ತದಿಂದ ತಯಾರಿಸುವ ಧನುರ್ವಾಯು ಪ್ರತಿವಿಷದ ವಿಷಯವನ್ನೂ ಇಲ್ಲೇ ಹೇಳಬೇಕು. ಅದನ್ನು ಚುಚ್ಚಿ ಕೆಲವು ವಾರಗಳಾದ ಮೇಲೆ, ಅಪರೂಪಕ್ಕೆ, ಲಿವರ್ ಏಕಾಏಕಿ ಕೈಕೊಡುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಪಶುವೈದ್ಯ ಆರ್ನಲ್ಡ್ ಥೈಲರ್ 1918ರ ಸುಮಾರಿಗೆ ಈ ಕಾಯಿಲೆಯನ್ನು ಗುರುತಿಸಿದರು. ಇದಕ್ಕೆ ನಂಟಿರುವ ಪಾರ್ವೊ ವೈರಸ್ ಪತ್ತೆಯಾಗಿದ್ದು 2018ರಲ್ಲಿ. ವೈರಸ್‌ನಿಂದ ಬರುವ ಇಂಥ ಹಾನಿಯನ್ನು ಮೂಲಿಕೆ ತಡೆಯುತ್ತದೆ ಅಂತ ನಂಬಿ ಕೂರಬೇಡಿ. ಹಾಗಾಗಿ ಡಾಕ್ಟರನ್ನು ನೇರವಾಗಿ ಕೇಳಿ: ‘ಈ ಔಷಧಿಯಿಂದ ಲಿವರ್‌ಗೆ ಅಪಾಯ ಇದೆಯಾ?’

ರಕ್ತ ಪರೀಕ್ಷೆ ಮೊದಲೇ ಆಗಲಿ

500 ಕೆ.ಜಿ. ಕುದುರೆಯ ಲಿವರ್ ಸುಮಾರು 5ರಿಂದ 7 ಕೆ.ಜಿ. ತೂಗುತ್ತದೆ. ಅದರ ಮುಕ್ಕಾಲು ಭಾಗ ಕೆಲಸ ನಿಲ್ಲಿಸುವವರೆಗೂ ಹೊರಗೆ ಏನೂ ಕಾಣದೇ ಇರಬಹುದು. ಆದ್ದರಿಂದ ಕಣ್ಣಂದಾಜು ಸಾಲದು. ದೀರ್ಘ ಚಿಕಿತ್ಸೆ ಶುರುವಾಗುವ ಮುಂಚೆಯೇ ಜಿಜಿಟಿ, ಜಿಎಲ್‌ಡಿಎಚ್ ಅಥವಾ ಎಸ್‌ಡಿಎಚ್, ಬೈಲ್ ಆಸಿಡ್ (ಪಿತ್ತದ ಆಮ್ಲ) ಇಷ್ಟನ್ನು ನೋಡಿಸಿ. ಮೊದಲ ಮೂರೂ ರಕ್ತದಲ್ಲಿ ಏರಿದರೆ ಲಿವರ್‌ಗೆ ತೊಂದರೆ ಅಂತ ಸೂಚಿಸುವ ಕಿಣ್ವಗಳು. ಎಎಸ್‌ಟಿ ಎಂಬ ಕಿಣ್ವ ಒಂದೇ ಏರಿದ್ದರೆ ಗಾಬರಿ ಬೇಡ, ಮಾಂಸಖಂಡ ನೊಂದರೂ ಅದು ಏರುತ್ತದೆ. ಕಣ್ಣು ಹಳದಿಯಾದ ಮಾತ್ರಕ್ಕೆ ಕಾಮಾಲೆ ಅಂತಲೂ ತೀರ್ಮಾನಿಸಬೇಡಿ. ಒಂದೆರಡು ದಿನ ಮೇವು ಬಿಟ್ಟ ಕುದುರೆಯ ಕಣ್ಣೂ ಹಳದಿಗೆ ತಿರುಗುತ್ತದೆ.

ತೂಕ ನೋಡುವುದನ್ನೂ ಮರೆಯಬೇಡಿ. ಔಷಧಿಗೂ ಮೂಲಿಕೆಗೂ ಪ್ರಮಾಣ ನಿಂತಿರುವುದು ಅದರ ಮೇಲೆಯೇ. ಟೇಪಿನಿಂದ ಮುಂಗಾಲ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ತುದಿಯಿಂದ ಪೃಷ್ಠದ ತುದಿವರೆಗೆ ಉದ್ದ ಅಳೆಯಿರಿ. ಎರಡೂ ಸೆಂಟಿಮೀಟರ್‌ನಲ್ಲಿರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 180, ಉದ್ದ 160 ಇದ್ದರೆ ತೂಕ ಸುಮಾರು 436 ಕೆ.ಜಿ.

ಯಾವ ಮೂಲಿಕೆ?

ನನ್ನನ್ನು ಕೇಳಿದರೆ ಒಂದೇ ಹೆಸರು ಹೇಳುತ್ತೇನೆ: ಮಿಲ್ಕ್ ಥಿಸಲ್ ಎಂಬ ಮುಳ್ಳುಗಿಡ. ಅದರ ಬೀಜದಲ್ಲಿ ಸಿಲಿಮರಿನ್ ಎಂಬ ಅಂಶವಿದೆ. ಲಿವರ್‌ನ ಜೀವಕೋಶಗಳಿಗೆ ಆಗುವ ಹಾನಿಯನ್ನು ಅದು ತಗ್ಗಿಸುತ್ತದೆ ಎಂಬುದು ಬಳಕೆಯ ಹಿಂದಿನ ಲೆಕ್ಕ. ಆದರೆ ಒಂದು ಮಾತು ನೆನಪಿರಲಿ. ಬಾಯಿಂದ ಕೊಟ್ಟ ಸಿಲಿಮರಿನ್ ಕುದುರೆಯ ರಕ್ತಕ್ಕೆ ಸೇರುವುದು ತೀರಾ ಕಮ್ಮಿ. ಫಾಸ್ಫೋಲಿಪಿಡ್ ಎಂಬ ಕೊಬ್ಬಿನಂಶದ ಜೊತೆ ಬೆರೆಸಿದ ರೂಪವನ್ನು ಅದಕ್ಕಾಗಿಯೇ ತಯಾರಿಸುತ್ತಾರೆ. ಅದರಲ್ಲೂ ಪವಾಡ ನಿರೀಕ್ಷಿಸಬೇಡಿ. ಡಬ್ಬಿ ಕೊಳ್ಳುವಾಗ ಸಿಲಿಮರಿನ್ ಎಷ್ಟು ಮಿಲಿಗ್ರಾಂ ಇದೆ ಅಂತ ನೋಡಿ. ಅದನ್ನೇ ಬರೆಯದ ಡಬ್ಬಿ ನನಗೆ ಬೇಡ. ಗಿಡದ ಎಲೆಯನ್ನಂತೂ ಮೇವಿಗೆ ಹಾಕಬೇಡಿ, ಅದರಲ್ಲಿ ನೈಟ್ರೇಟ್ ತುಂಬಿಕೊಳ್ಳಬಹುದು.

ಇನ್ನು ‘ಹದಿನೈದು ಮೂಲಿಕೆಗಳ ಮಿಶ್ರಣ’ ಅಂತ ಬರುವ ಡಬ್ಬಿಗಳು. ಅವುಗಳ ಪಟ್ಟಿಯನ್ನು ನಿಧಾನವಾಗಿ ಓದಿ. ಕಾಮ್‌ಫ್ರೇ ಎಂಬ ಗಿಡ ಇದ್ದರೆ ಅಲ್ಲೇ ಬಿಟ್ಟುಬಿಡಿ. ಅದರಲ್ಲಿರುವ ಪೈರೋಲಿಜಿಡಿನ್ ಆಲ್ಕಲಾಯ್ಡ್ ಎಂಬ ಅಂಶ ಲಿವರ್‌ಗೆ ನೇರ ವಿಷ. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಲಿವರ್‌ನ ಕಿಣ್ವಗಳನ್ನು ಚುರುಕು ಮಾಡಿ ಔಷಧಿಯ ಬಲ ಕುಗ್ಗಿಸಬಹುದು. ಬೆಳ್ಳುಳ್ಳಿ ಜಾಸ್ತಿಯಾದರೆ ಕುದುರೆಗೆ ರಕ್ತಹೀನತೆ ಬರುತ್ತದೆ. ಕಬ್ಬಿಣದಂಶ ಸೇರಿಸಿದ ಟಾನಿಕ್ಕೂ ಬೇಡ. ಕುದುರೆಗೆ ಕಬ್ಬಿಣದ ಕೊರತೆ ಆಗುವುದೇ ಅಪರೂಪ, ಹೆಚ್ಚಾದದ್ದು ಹೋಗಿ ಸೇರುವುದು ಲಿವರ್‌ಗೇ. ಸ್ಪರ್ಧೆಗೆ ಇಳಿಯುವ ಕುದುರೆಯಾದರೆ ಡೆವಿಲ್ಸ್ ಕ್ಲಾ, ವಲೇರಿಯನ್ ಎಂಬ ಮೂಲಿಕೆಗಳ ಅಂಶ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಕೊಡುವ ಬಗೆ

ಹೊಸ ಔಷಧಿ ಮತ್ತು ಹೊಸ ಮೂಲಿಕೆ ಒಂದೇ ದಿನ ಶುರುವಾಗಬಾರದು. ಮೈಮೇಲೆ ದದ್ದು ಎದ್ದರೆ ಯಾವುದರಿಂದ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ಡಬ್ಬಿಯಲ್ಲಿ ಹೇಳಿದ್ದರ ಕಾಲು ಭಾಗದಿಂದ ಶುರುಮಾಡಿ, ನಾಲ್ಕೈದು ದಿನದಲ್ಲಿ ಪೂರ್ತಿ ಪ್ರಮಾಣಕ್ಕೆ ಬನ್ನಿ. ಔಷಧಿಗೂ ಪುಡಿಗೂ ನಡುವೆ ಒಂದೆರಡು ಗಂಟೆ ಬಿಡುವಿರಲಿ.

ಪುಡಿಯನ್ನು ಒಣ ಮೇವಿನ ಮೇಲೆ ಉದುರಿಸಿದರೆ ಕುದುರೆ ತಿನ್ನುವುದಿಲ್ಲ. ತುಟಿ ಎಷ್ಟು ಚುರುಕು ಅಂದರೆ, ಕಾಳನ್ನೆಲ್ಲ ಆರಿಸಿಕೊಂಡು ಪುಡಿಯನ್ನು ಹಾಗೇ ಬಿಡುತ್ತದೆ. ನಾನು ಒಂದು ವಾರ ಹಾಕಿದ ಪುಡಿ ಬಕೆಟ್ ತೊಳೆಯುವಾಗ ತಳದ ಅಂಚಿಗೆ ಹಳದಿ ಗೆರೆಯಾಗಿ ಅಂಟಿಕೊಂಡಿತ್ತು. ಆಮೇಲಿಂದ ಒಂದು ಹಿಡಿ ಮೇವನ್ನು ನೀರಲ್ಲಿ ನೆನೆಸಿ, ಪುಡಿ ಕಲಸಿ, ಅದನ್ನು ಮೊದಲು ತಿನ್ನಿಸಿಯೇ ಉಳಿದದ್ದು ಹಾಕುತ್ತೇನೆ. ಬಕೆಟ್ ಒಳಗೆ ಬೆರಳಾಡಿಸಿ ನೋಡುವುದನ್ನು ಬಿಟ್ಟಿಲ್ಲ.

ಮೂಲಿಕೆಗಿಂತ ಮೇವು ದೊಡ್ಡದು. ಚಿಕಿತ್ಸೆಯ ದಿನಗಳಲ್ಲಿ ಕುದುರೆಯನ್ನು ಉಪವಾಸ ಇಡಬೇಡಿ. ಪೋನಿ, ಕತ್ತೆಗಳಂತೂ ಮೇವು ಬಿಟ್ಟರೆ ಮೈಕೊಬ್ಬು ಕರಗಿ ರಕ್ತಕ್ಕೆ ಇಳಿದು ಲಿವರ್‌ನಲ್ಲಿ ತುಂಬಿಕೊಳ್ಳುತ್ತದೆ. ಒಳ್ಳೆಯ ಒಣಹುಲ್ಲನ್ನು ಸ್ವಲ್ಪ ಸ್ವಲ್ಪವೇ ಹಲವು ಸಲ ಕೊಡಿ. ಬೂಷ್ಟು ಹಿಡಿದ ಕಾಳು ಒಂದು ಮುಷ್ಟಿಯೂ ಒಳಗೆ ಹೋಗಬಾರದು.

ದಿನಾ ಏನು ನೋಡಬೇಕು?

ಬೆಳಗಿನ ಬೆಳಕಿಗೆ ಕುದುರೆಯನ್ನು ನಿಲ್ಲಿಸಿ, ಮೇಲ್ದುಟಿ ಎತ್ತಿ ಒಸಡಿನ ಬಣ್ಣ ನೋಡಿ. ಕಣ್ಣಿನ ಬಿಳಿಭಾಗ ನೋಡಿ. ಮೂಗಿನ ಮೇಲಿನ ಬಿಳಿ ಮಚ್ಚೆ ಬಿಸಿಲಿಗೆ ಸುಟ್ಟಂತೆ ಕೆಂಪಾಗಿ ಸಿಪ್ಪೆ ಏಳುತ್ತಿದ್ದರೆ ಅದು ಲಿವರ್‌ನ ಕೂಗೂ ಆಗಿರಬಹುದು. ಸುಮ್ಮನೆ ಆಕಳಿಸುತ್ತಾ ನಿಲ್ಲುವುದು, ಗೋಡೆಗೆ ತಲೆ ಒತ್ತುವುದು, ಒಂದೇ ಕಡೆ ಸುತ್ತುವುದು ಕಂಡರೆ ಮೂಲಿಕೆಯ ಪ್ರಮಾಣ ಹೆಚ್ಚಿಸುತ್ತಾ ಕೂರಬೇಡಿ. ನೆರಳಿಗೆ ಕರೆತಂದು ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಕೊಡುತ್ತಿರುವ ಪುಡಿಯ ಡಬ್ಬಿಯನ್ನೂ ತೋರಿಸಿ. ಎಷ್ಟೋ ಜನ ಅದು ‘ಔಷಧಿ ಅಲ್ಲವಲ್ಲ’ ಅಂತ ಹೇಳುವುದೇ ಇಲ್ಲ.

ಔಷಧಿ ಮುಗಿದ ಎರಡು ಮೂರು ವಾರಕ್ಕೆ ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಎಸ್‌ಡಿಎಚ್ ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಜಿಜಿಟಿ ಇಳಿಯಲು ವಾರಗಳೇ ಬೇಕು. ಅಂಕಿಗಳು ಹಳೆಯ ಮಟ್ಟಕ್ಕೆ ಬಂದಿದ್ದರೆ ಪುಡಿಯನ್ನೂ ನಿಲ್ಲಿಸಿಬಿಡಿ.