ಎಲ್ಲರ ಕೈಯಲ್ಲೂ ದುಡ್ಡಿರಲಿ: ಆಫೀಸುಗಳಲ್ಲಿ ನಾನು ಆಡಿಸುವ ಪಿಚ್ ಆಟ

ಕಂಪನಿಗಳಿಗೆ ಟೀಮ್ ಬಿಲ್ಡಿಂಗ್ ಆಟ ಆಡಿಸುವುದು ನನ್ನ ಕೆಲಸ. ಹೆಚ್ಚಿನದೆಲ್ಲ ಬೆಂಗಳೂರಿನಲ್ಲೇ. ಹಗ್ಗ ಜಗ್ಗಾಟ, ನಿಧಿ ಹುಡುಕಾಟ, ಎಲ್ಲ ಮಾಡಿಸಿದ್ದೇನೆ. ಈಗ ಯಾರಾದರೂ ಅರ್ಧ ದಿನ ಕೊಡ್ತೀವಿ ಅಂದರೆ ನಾನು ಮೊದಲು ಹೇಳುವುದು ಬಿಸಿನೆಸ್ ಐಡಿಯಾ ಆಟವನ್ನು. ಐದೈದು ಜನರ ಟೀಮು. ಒಂದು ಹೊಸ ವ್ಯಾಪಾರ ಯೋಚಿಸಬೇಕು, ಎಲ್ಲರ ಮುಂದೆ ನಿಂತು ಹೇಳಬೇಕು, ದುಡ್ಡು ಕೇಳಬೇಕು. ಹಾಗೆ ಹೇಳಿ ಕೇಳುವುದಕ್ಕೇ ಪಿಚ್ ಅನ್ನುವುದು.

2021ರ ಡಿಸೆಂಬರ್‌ನಲ್ಲಿ ಶಾರ್ಕ್ ಟ್ಯಾಂಕ್ ಇಂಡಿಯಾ ಟೀವಿಗೆ ಬಂದ ಮೇಲೆ ಆಟ ಏನು ಅಂತ ವಿವರಿಸುವ ಕಷ್ಟ ತಪ್ಪಿತು. ಆ ಕಾರ್ಯಕ್ರಮದ ಬೇರು ಜಪಾನಿನಲ್ಲಿದೆ. 2001ರಲ್ಲಿ ಅಲ್ಲಿ ಶುರುವಾಯಿತು, 2005ರಲ್ಲಿ ಬಿಬಿಸಿಗೆ ಹೋಯಿತು, 2009ರಲ್ಲಿ ಅಮೆರಿಕಕ್ಕೆ. ಎಲ್ಲ ಕಡೆಯೂ ರೂಪ ಒಂದೇ. ದುಡ್ಡಿರುವ ನಾಲ್ಕೈದು ಜನ ಕುರ್ಚಿಯಲ್ಲಿ ಕೂತಿರುತ್ತಾರೆ, ಐಡಿಯಾ ಇರುವವರು ಎದುರಿಗೆ ನಿಂತಿರುತ್ತಾರೆ. ಕಂಪನಿಗಳೂ ಅದನ್ನೇ ನೋಡಿ ಡೈರೆಕ್ಟರ್, ಎಚ್‌ಆರ್ ಹೆಡ್ ಇವರನ್ನೆಲ್ಲ ಮುಂದಿನ ಸಾಲಿನಲ್ಲಿ ತೀರ್ಪುಗಾರರಾಗಿ ಕೂರಿಸಿಬಿಡುತ್ತವೆ. ನಾನು ಅದಕ್ಕೆ ಒಪ್ಪುವುದಿಲ್ಲ.

ಯಾಕೆ ಅಂದರೆ, ಅಪ್ರೈಸಲ್ ಬರೆಯುವ ಕೈಯೇ ಮಾರ್ಕ್ಸೂ ಕೊಡುತ್ತದೆ ಅಂದಾಗ ಜನ ಬಾಸ್‌ಗೆ ಇಷ್ಟವಾಗುವುದನ್ನೇ ಹೇಳುತ್ತಾರೆ. ಎಲ್ಲ ಟೀಮಿನದೂ ಒಂದೇ ತರಹದ ಎಐ ಐಡಿಯಾ ಬರುತ್ತದೆ. ಪ್ರಶ್ನೆ ಕೇಳುವವರು ಮೂರೇ ಜನ. ಉಳಿದವರು ಫೋನ್ ತೆಗೆದು ಕೂರುತ್ತಾರೆ. ಅಷ್ಟು ಜನ ಸುಮ್ನೆ ಕೂತರೆ ಅದು ಟೀಮಿನ ಆಟ ಹೇಗಾಗುತ್ತದೆ?

ನನ್ನ ಆಟದಲ್ಲಿ ಎಲ್ಲರೂ ಹೂಡಿಕೆದಾರರು. ಒಬ್ಬೊಬ್ಬರಿಗೂ 10 ಲಕ್ಷ ಆಟದ ದುಡ್ಡು: 1 ಲಕ್ಷದ ಆರು ನೋಟು, 50 ಸಾವಿರದ ಎಂಟು. ಬಣ್ಣದ ಕಾಗದದಲ್ಲಿ 'ಆಟದ ದುಡ್ಡು' ಅಂತ ದೊಡ್ಡದಾಗಿ ಪ್ರಿಂಟ್ ಹಾಕಿಸುತ್ತೇನೆ. ಡೈರೆಕ್ಟರ್‌ಗೂ ಅಷ್ಟೇ, ನಿನ್ನೆ ಸೇರಿದ ಟ್ರೇನಿಗೂ ಅಷ್ಟೇ. ನಿಯಮ ಎರಡು. ಸ್ವಂತ ಟೀಮಿಗೆ ಹಾಕುವಂತಿಲ್ಲ. ಮೂರಕ್ಕಿಂತ ಜಾಸ್ತಿ ಟೀಮಿಗೆ ಹಂಚುವಂತಿಲ್ಲ. ಎರಡನೆಯದು ತುಂಬ ಮುಖ್ಯ. ಅದಿಲ್ಲದಿದ್ದರೆ ನಮ್ಮ ಜನ ಯಾರಿಗೂ ಬೇಜಾರಾಗಬಾರದು ಅಂತ ಪ್ರಸಾದದ ಹಾಗೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿಬಿಡುತ್ತಾರೆ. ದುಡ್ಡು ಹಾಕುವುದು ಮುಚ್ಚಿದ ಡಬ್ಬಿಗೆ, ಯಾರು ಎಷ್ಟು ಹಾಕಿದರು ಅಂತ ಕಾಣಬಾರದು.

40 ಜನ ಇದ್ದರೆ ಒಂದರಿಂದ ಎಂಟರವರೆಗೆ ಎಣಿಸಿ ಎಂಟು ಟೀಮು ಮಾಡುತ್ತೇನೆ. ಪಕ್ಕಪಕ್ಕ ಕೂತಿದ್ದ ಗೆಳೆಯರು ಹಾಗೆಯೇ ಬೇರೆಯಾಗುತ್ತಾರೆ. ಪ್ಯಾಂಟ್ರಿ, ಸೆಕ್ಯುರಿಟಿ, ಹೌಸ್‌ಕೀಪಿಂಗ್‌ನವರನ್ನೂ ಸೇರಿಸಿ ಅಂತ ಕಂಪನಿಯನ್ನು ಒತ್ತಾಯ ಮಾಡುತ್ತೇನೆ. ಒಂದೇ ಕಟ್ಟಡದಲ್ಲಿ ದಿನಾ ಓಡಾಡುವವರು ಅವರೂ ಅಲ್ವಾ? ಭಾಷೆಯ ವಿಷಯವನ್ನು ಮೊದಲೇ ಹೇಳುತ್ತೇನೆ: ಕನ್ನಡ, ತಮಿಳು, ಹಿಂದಿ, ಇಂಗ್ಲಿಷ್, ಯಾವುದರಲ್ಲಾದರೂ ಪಿಚ್ ಮಾಡಿ, ಬೇರೆಯವರಿಗೆ ಅರ್ಥ ಮಾಡಿಸುವುದು ಟೀಮಿನ ಜವಾಬ್ದಾರಿ. ಬರೀ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೇ ಮಾದರಿ ಪಿಚ್ಚನ್ನು ನಾನೇ ಕನ್ನಡದಲ್ಲಿ ಮಾಡುತ್ತೇನೆ.

ಮೊದಲ 15 ನಿಮಿಷ ಐಡಿಯಾ ಅನ್ನುವ ಮಾತೇ ಇಲ್ಲ. ಕಳೆದ ವಾರ ನಿಮಗೆ ತಲೆನೋವು ತಂದ ಒಂದು ಸಣ್ಣ ವಿಷಯ ಬರೆಯಿರಿ ಅನ್ನುತ್ತೇನೆ. ಆಗ ಆನ್‌ಲೈನಿನಲ್ಲಿ ಬಸ್ ಟಿಕೆಟ್ ಮಾರುವ ರೆಡ್‌ಬಸ್ ಕಂಪನಿಯ ಕಥೆ ಹೇಳುತ್ತೇನೆ. 2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಫಣೀಂದ್ರ ಸಾಮ ಅವರಿಗೆ ಬಸ್ ಟಿಕೆಟ್ ಸಿಗಲಿಲ್ಲ. ಏಜೆಂಟರ ಅಂಗಡಿಗಳನ್ನು ಸುತ್ತಿದರೂ ಯಾವ ಬಸ್ಸಿನಲ್ಲಿ ಸೀಟು ಖಾಲಿ ಇದೆ ಅಂತ ಗೊತ್ತಾಗುವ ದಾರಿ ಇರಲಿಲ್ಲ. ಅದೇ ಬೇಸರದಿಂದ 2006ರಲ್ಲಿ ಗೆಳೆಯರ ಜೊತೆ ಕಂಪನಿ ಶುರುವಾಯಿತು. ಈ ಕಥೆ ಕೇಳಿದ ಮೇಲೆ ಜನ ತಮ್ಮ ಸ್ವಂತ ಪರದಾಟ ಬರೆಯೋಕೆ ಧೈರ್ಯ ಮಾಡುತ್ತಾರೆ. ಆ್ಯಪ್ ಮಾಡ್ತೀವಿ ಅನ್ನುವುದಕ್ಕೆ ಮಾತ್ರ ನನ್ನಲ್ಲಿ ನಿಷೇಧ. ಆ್ಯಪ್ ಅಂದ ತಕ್ಷಣ ಯೋಚನೆ ಅಲ್ಲಿಗೇ ನಿಂತುಹೋಗುತ್ತದೆ.

ಆಮೇಲೆ 40 ನಿಮಿಷ ತಯಾರಿ. ಒಂದು ಚಾರ್ಟ್ ಪೇಪರ್, ನಾಲ್ಕು ಸ್ಕೆಚ್ ಪೆನ್, ಲ್ಯಾಪ್‌ಟಾಪ್ ಇಲ್ಲ. ಕಷ್ಟ ಯಾರದು, ಅವರು ಇವತ್ತು ಏನು ಮಾಡ್ತಿದ್ದಾರೆ, ನಾವು ಏನು ಕೊಡ್ತೀವಿ, ಯಾರು ಎಷ್ಟು ದುಡ್ಡು ಕೊಡ್ತಾರೆ, ಇಷ್ಟಕ್ಕೆ ಉತ್ತರ ಬೇಕು. ಪಿಚ್ಚಿಗೆ ಮೂರು ನಿಮಿಷ, ಪ್ರಶ್ನೆಗೆ ನಾಲ್ಕು. ಪ್ರಶ್ನೆಯ ಸಮಯವೇ ಜಾಸ್ತಿ, ಬೇಕಂತಲೇ.

ಒಂದು ಆಫೀಸಿನಲ್ಲಿ ಪ್ಯಾಂಟ್ರಿಯ ಅಕ್ಕ ಒಬ್ಬರು ಮಾಡಿದ ಪಿಚ್ಚನ್ನು ಈಗ ಎಲ್ಲ ಕಡೆಯೂ ಉದಾಹರಣೆ ಕೊಡುತ್ತೇನೆ. ಊಟ ಮಾಡಿದ ಡಬ್ಬಿಯನ್ನು ಜನ ತೊಳೆಯದೆ ಹಾಗೇ ಮನೆಗೆ ಒಯ್ಯುತ್ತಾರೆ, ಸಂಜೆಗೆ ಬ್ಯಾಗೆಲ್ಲ ವಾಸನೆ. ನಾವು ತೊಳೆದು ಒಣಗಿಸಿ ಡೆಸ್ಕಿಗೆ ತಂದುಕೊಡ್ತೀವಿ, ಡಬ್ಬಿಗೆ 10 ರೂಪಾಯಿ ಅಂದರು. ಚಾರ್ಟಿನಲ್ಲಿ ಲೆಕ್ಕ ಇತ್ತು. ದಿನಕ್ಕೆ 300 ಡಬ್ಬಿ, 22 ದಿನ, ತಿಂಗಳಿಗೆ 66,000. ಇಬ್ಬರ ಸಂಬಳ 36,000, ಸೋಪು ನೀರು ಬುಟ್ಟಿಗೆ 8,000. ಉಳಿಯುವುದು 22,000. ಕೇಳಿದ್ದು 2 ಲಕ್ಷ, ಬದಲಿಗೆ 20% ಪಾಲು. ಅಂದರೆ ಕಂಪನಿಯ ಬೆಲೆ 10 ಲಕ್ಷ ಅಂತ ಅವರೇ ಕಟ್ಟಿದ ಹಾಗಾಯಿತು.

ಅಕೌಂಟ್ಸ್‌ನ ಹುಡುಗನೊಬ್ಬ ಎದ್ದ. "ಅಕ್ಕಾ, ವಾರದಲ್ಲಿ ಎರಡು ದಿನ ಜನ ಮನೆಯಿಂದಲೇ ಕೆಲಸ ಮಾಡ್ತಾರಲ್ಲ, ಆಗ ಡಬ್ಬಿ ಎಲ್ಲಿಂದ ಬರುತ್ತೆ?" ಅವರು ತಡವರಿಸಲಿಲ್ಲ. "ತಿಂಗಳ ಪಾಸ್ ಮಾಡ್ತೀವಿ ಸರ್. 150 ರೂಪಾಯಿ. ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ." ಹುಡುಗ ಫೋನಿನಲ್ಲಿ ಲೆಕ್ಕ ಹಾಕಿದ. ಬರುವುದು 45,000, ಖರ್ಚು 44,000. "ಸಾವಿರ ರೂಪಾಯಿ ಉಳಿಯುತ್ತೆ ಅಷ್ಟೇ" ಅಂದ. ಆಮೇಲೆ ಅವನೇ, "ಇದೇ ಬಿಲ್ಡಿಂಗಿನ ಇನ್ನೊಂದು ಕಂಪನಿಯನ್ನೂ ಸೇರಿಸಿಕೊಂಡರೆ?" ಅಂತ ಕೇಳಿದ. ಎದುರಾಳಿ ಟೀಮಿನವನು ಅವನು! ಇಡೀ ಹಾಲ್ ಆ ಡಬ್ಬಿ ಲೆಕ್ಕಕ್ಕೆ ಇಳಿಯಿತು. ಒಬ್ಬರು ನೀರಿನ ಬಿಲ್ ಕೇಳಿದರು, ಇನ್ನೊಬ್ಬರು ಡಬ್ಬಿ ಅದಲು ಬದಲಾಗದ ಹಾಗೆ ನಂಬರ್ ಸ್ಟಿಕ್ಕರ್ ಅಂಟಿಸಿ ಅಂದರು. ನಾನು ಈ ಆಟ ಆಡಿಸುವುದೇ ಇಂಥ ಗಳಿಗೆಗಾಗಿ. ಕೈಯಲ್ಲಿ ದುಡ್ಡಿದ್ದಾಗ ಪ್ರಶ್ನೆ ಕೇಳುವ ಹಕ್ಕು ತನ್ನಿಂದ ತಾನೇ ಬರುತ್ತದೆ.

ದೊಡ್ಡವರಿಗೂ ನಾನು ಒಂದು ಕೆಲಸ ಕೊಡುತ್ತೇನೆ: ಗಡಿಯಾರ ನೋಡಿ ಬೆಲ್ ಹೊಡೆಯುವುದು. ಸಂತೋಷದಿಂದಲೇ ಮಾಡುತ್ತಾರೆ.

ಬಹುಮಾನ ಸಣ್ಣದಿರಲಿ. ಸಾವಿರಾರು ರೂಪಾಯಿಯ ವೋಚರ್ ಇಟ್ಟರೆ ದುಡ್ಡು ಎಣಿಸುವಾಗ ಜಗಳ ಶುರುವಾಗುತ್ತದೆ. ಗೆದ್ದ ಟೀಮು ಸಿಹಿ ಹಂಚುವುದು ಅಂತ ಇಟ್ಟರೆ ಸಾಕು.

ದುಡ್ಡು ಎಣಿಸಿದ ಮೇಲೆ ಅರ್ಧ ಗಂಟೆ ಮಾತುಕತೆಗೆ ಇಡುತ್ತೇನೆ. ನಿಮ್ಮ ದೊಡ್ಡ ಮೊತ್ತ ಯಾರಿಗೆ ಹಾಕಿದಿರಿ, ಯಾಕೆ? ಐಡಿಯಾ ಚೆನ್ನಾಗಿತ್ತು ಅನ್ನುವವರು ಕಡಿಮೆ. ಕಷ್ಟದ ಪ್ರಶ್ನೆಗೂ ಸಿಡುಕಲಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರು, ಒಬ್ಬರು ತಡವರಿಸಿದಾಗ ಪಕ್ಕದವರು ಮಾತು ಎತ್ತಿಕೊಂಡರು, ಇಂಥವೇ ಬರುತ್ತವೆ. ನಾನು ಅವನ್ನು ಬೋರ್ಡಿನಲ್ಲಿ ಬರೆಯುತ್ತಾ ಹೋಗುತ್ತೇನೆ, ಭಾಷಣ ಮಾಡುವುದಿಲ್ಲ.

ಆಡಿಸುವವರಿಗೆ ಇನ್ನೊಂದು ಮಾತು: ಬೆಳಿಗ್ಗೆ 10ಕ್ಕೆ ಶುರು ಮಾಡಿ. ಊಟ ಆದಮೇಲೆ ಇಟ್ಟರೆ ಐದು ಗಂಟೆಗೆ ಎಲ್ಲರ ಕಣ್ಣೂ ಮನೆಗೆ ಹೋಗುವ ಕ್ಯಾಬ್ ಮೇಲೆ. ಬೆಳಿಗ್ಗೆ ಆದರೆ ಊಟದ ಟೇಬಲ್ಲಿನಲ್ಲೂ ಚರ್ಚೆ ಮುಂದುವರಿಯುತ್ತದೆ, ಅದೂ ಹೊಸಬರ ಜೊತೆ ಕೂತು.